ನೊರೆ ಹಿಡಿದ ಮಿಸ್ತ್ರಿ

ಮೊಮ್ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುತ್ತಿದ್ದೆ. ನಾನೂ ಅಜ್ಜಿಯಾದೆನಲ್ಲಾ ಎಂದು ಒಬ್ಬಳೇ ನಗುತ್ತಿದ್ದೆ. ಕೂಸಿನ ಹೊಟ್ಟೆಯ ಮೇಲೆ ಸೋಪಿನ ನೊರೆ ಎದ್ದಿತು ನೋಡಿ... ಆ ವಾಸನೆಗೆ ಮಿಸ್ತ್ರಿ ನೆನಪಾದರು.

ನನ್ನ ಮಗಳಿನ್ನೂ ಶಾಲೆಗೆ ಹೋಗುತ್ತಿದ್ದ ಕಾಲ. ಕೊಟ್ಟೂರಿನ ಹೊರಗೆ ಒಂದು ಶೆಡ್ಡಿಗೆ ನಾವು ಹೆಂಗಸರು ಕೂಲಿಗೆ ಹೋಗುತ್ತಿದ್ದೆವು. ಲಾರಿಯಲ್ಲಿ ಬರುತ್ತಿದ್ದ ಫಾಸ್ಫೇಟ್ ಕಲ್ಲಿನಲ್ಲಿ ಸುಣ್ಣದ ಕಲ್ಲು ಬೆರೆತಿರುತ್ತಿತ್ತು. ಅದನ್ನು ಹಿಟ್ಟು ಮಾಡಿ, ತೊಟ್ಟಿಯ ನೀರಿಗೆ ಹಾಕಿ, ಸೋಪಿನಂಥ ಎಣ್ಣೆ, ಚೂರು ಆಸಿಡ್ ಬೆರೆಸಿ ಗಾಳಿ ಬಿಡುತ್ತಿದ್ದರು. ಸುಣ್ಣ ನೊರೆಗೆ ಅಂಟಿ ಮೇಲೆ ಬರುತ್ತಿತ್ತು. ಅದನ್ನು ಬಳಿದು ಚರಂಡಿಗೆ ತಳ್ಳುವುದು ನಮ್ಮ ಕೆಲಸ. ತಳದಲ್ಲಿ ಉಳಿದದ್ದೇ ಗೊಬ್ಬರಕ್ಕೆ ಹೋಗುವ ಮಾಲು.

ತೊಟ್ಟಿ ನೋಡಿಕೊಳ್ಳುತ್ತಿದ್ದ ಮಿಸ್ತ್ರಿ ಮೊದಲು ತಾಮ್ರದ ಗಣಿಯಲ್ಲಿದ್ದವರು. ಅಲ್ಲಿ ನೊರೆಯೇ ಮಾಲು, ತಳದ್ದು ಕಸ.

"ಲಕ್ಷ್ಮೀನ ಚರಂಡಿಗೆ ನೂಕ್ತೀರಲ್ಲಬೇ!" ಎನ್ನುತ್ತಿದ್ದರು.

"ನಿಮ್ಮ ಲಕ್ಷ್ಮಿ ಇಲ್ಲಿ ತಳಕ್ಕ ಕುಂತಾಳ್ರಿ ಅಣ್ಣಾ," ಎಂದು ನಾನು ನಗುತ್ತಿದ್ದೆ.

ಆದರೆ ಬೋರಿನ ಸವುಳು ನೀರಿಗೆ ನೊರೆ ಸರಿಯಾಗಿ ಏಳುತ್ತಿರಲಿಲ್ಲ. ಸುಣ್ಣ ಉಳಿದ ಮಾಲನ್ನು ಗೊಬ್ಬರದ ಕಂಪನಿಯವರು ವಾಪಸ್ ಕಳಿಸುತ್ತಿದ್ದರು. ಕೊನೆಗೆ ಮಾಲೀಕರು ಟ್ಯಾಂಕರಿನಲ್ಲಿ ಸಿಹಿನೀರು ತರಿಸಿ, "ಉಳಿದಿರೋ ಕಲ್ಲು ಇಷ್ಟೇ. ಇದೂ ಕೆಟ್ರ ಬೀಗ ಹಾಕ್ತೀನಿ," ಎಂದರು.

"ಈ ವಯಸ್ಸಿಗೆ ನನ್ನ ಯಾರು ಕೆಲಸಕ್ಕ ಇಟ್ಕೋತಾರಬೇ..." ಎಂದ ಮಿಸ್ತ್ರಿ ಅವತ್ತು ಬುತ್ತಿಯನ್ನೇ ಬಿಚ್ಚಲಿಲ್ಲ.

ಸಿಹಿನೀರಿಗೆ ನೊರೆ ಎದ್ದಿತು! ಹಾಲು ಉಕ್ಕಿದ ಹಾಗೆ. ಮಿಸ್ತ್ರಿ ಕುಣಿದಾಡಿಬಿಟ್ಟರು. ನಾವು ಬಳಿಯುವ ಹಲಗೆ ತೊಳೆದು ತರುವಷ್ಟರಲ್ಲಿ ನೊರೆಯನ್ನೆಲ್ಲ ಬೋಗುಣಿಗೆ ತುಂಬಿಟ್ಟು, ತೊಟ್ಟಿಯ ತಳದ ಬಿರಡೆ ಕಿತ್ತು ಮಾಲನ್ನೆಲ್ಲ ಚರಂಡಿಗೆ ಬಿಟ್ಟಿದ್ದರು. ಖುಷಿಯಲ್ಲಿ ಹಳೆಯ ಗಣಿಯ ಕೈ ತನ್ನಷ್ಟಕ್ಕೆ ಓಡಿತ್ತು...

"ಅಣ್ಣಾ, ತಳ ಬಿಟ್ರಲ್ರೀ!"

ಅವರು ಚರಂಡಿಗೆ ಹಾರಿದರು. ಬರಿಗೈಯಲ್ಲಿ ರಾಡಿ ಬಳಿದು ಬಳಿದು ಎದೆಗೆ ಅವುಚಿಕೊಂಡರು. ಹಿಂದೆ ಚೆಲ್ಲಿದ ಸುಣ್ಣವೆಲ್ಲ ಅದರಲ್ಲಿ ಬೆರೆತುಹೋಗಿತ್ತು. "ಇಷ್ಟರ ಸಿಕ್ತಲ್ಲಬೇ, ಇಷ್ಟರ ಸಿಕ್ತಲ್ಲ," ಎನ್ನುತ್ತಿದ್ದರು. ನಾವು ರಟ್ಟೆ ಹಿಡಿದು ಎಳೆದರೂ ಮೇಲೆ ಬರಲಿಲ್ಲ.

ಶೆಡ್ಡಿಗೆ ಬೀಗ ಬಿತ್ತು. ನಾವು ಕಳೆ ಕೀಳಲು ಹೋದೆವು. ಮಿಸ್ತ್ರಿ ಯಾರಿಗೂ ಹೇಳದೆ ಊರು ಬಿಟ್ಟರು. ಇದ್ದಾರೋ, ಇಲ್ಲವೋ...

ಇವತ್ತು ತೊಟ್ಟಿಲ ಶಾಸ್ತ್ರಕ್ಕೆ ಕರೆಯುತ್ತ ಕೇರಿಯೆಲ್ಲ ಓಡಾಡಿದೆ. ಮಿಸ್ತ್ರಿ ಬಾಡಿಗೆಗಿದ್ದ ಕೋಣೆಯ ಮುಂದೆ ಕಾಲು ನಿಂತವು. ಕದ ತಟ್ಟಿಯೇ ಬಿಟ್ಟೆ. ಯಾರೋ ಹೊಸ ಹುಡುಗಿ ಹೊರಬಂದು, "ಯಾರು ಬೇಕಾಗಿತ್ರಿ ಅಮ್ಮಾ?" ಎಂದಳು.

"ನಿನ್ನ ಕರಿಯಾಕ ಬಂದೀನವ್ವಾ," ಎಂದೆ. "ನಾಳಿ ನಮ್ಮ ಮನ್ಯಾಗ ತೊಟ್ಲಾ ಐತಿ, ಬಾ."