ಅತ್ತೆಯವರ ಓಟು

ನಮ್ಮ ಚಾಮರಾಜಪುರಂನ ಮಹಿಳಾ ಸಮಾಜದ ವಾರ್ಷಿಕೋತ್ಸವಕ್ಕೆ ಬರಬೇಕಿದ್ದ ವಕೀಲೆಗೆ ಹಿಂದಿನ ದಿನ ಗಂಟಲು ಕಟ್ಟಿಬಿಟ್ಟಿತು. ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡುವವಳಲ್ಲವೇ ಅಂತ ನನ್ನನ್ನು ಹಿಡಿದರು. ನೂರು ವರ್ಷದ ಹಿಂದೆ ಅಮೆರಿಕದ ಹೆಂಗಸರು ಓಟಿನ ಹಕ್ಕಿಗಾಗಿ ಹೋರಾಡಿದ ಕಥೆ ಹೇಳುತ್ತೇನೆ ಅಂದೆ. ಅಷ್ಟು ದೂರದ ವಿಷಯವಾದರೆ ತಪ್ಪು ಹಿಡಿಯುವವರು ಇರುವುದಿಲ್ಲವೆಂಬ ಧೈರ್ಯ.

ಎಪ್ಪತ್ತು ದಾಟಿದ ನಮ್ಮ ಅತ್ತೆಯವರು ಮೊದಲ ಸಾಲಿನಲ್ಲೇ ಕೂತರು. ಅವರನ್ನು ಸ್ಕೂಟರಿನಲ್ಲಿ ಬಿಟ್ಟು ಹೋಗಬೇಕಿದ್ದ ಮಾವನವರು, ಹಿತ್ತಲಿನಿಂದ ಬೋಂಡಾ ಕರಿಯುವ ವಾಸನೆ ಬಂದದ್ದೇ ಬಾಗಿಲ ಬಳಿ ಒಂದು ಕುರ್ಚಿ ಎಳೆದುಕೊಂಡು ಪೇಪರ್ ಬಿಡಿಸಿದರು.

ಬಿಳಿ ಉಡುಪು ತೊಟ್ಟು ಮೆರವಣಿಗೆ ಹೊರಟವರು, ಜೈಲಿನಲ್ಲಿ ಉಪವಾಸ ಕೂತವರು, ಆಫೀಸಿಗೆ ಸೇರಿ ಕೂದಲು ಕತ್ತರಿಸಿಕೊಂಡವರು, ಎಲ್ಲರ ಕಥೆಯನ್ನೂ ಹೇಳಿದೆ. ಸಭೆ ಬೋಂಡಾಕ್ಕಾಗಿ ತಾಳ್ಮೆಯಿಂದ ಕಾಯುತ್ತಿತ್ತು. "ಹೆಂಡತಿ ಹೇಗೂ ಗಂಡ ಹೇಳಿದವರಿಗೇ ಹಾಕುತ್ತಾಳೆ, ಅವಳಿಗೆ ಬೇರೆ ಓಟು ಯಾಕೆ ಅಂತ ಆಗ ಕೆಲವರು ವಾದಿಸಿದ್ದರು" ಅಂದೆ.

ಅತ್ತೆಯವರು ಕಿಸಕ್ಕನೆ ನಕ್ಕರು. ಯಾರೋ ಅವರ ಕೈಗೆ ಮೈಕು ಕೊಟ್ಟುಬಿಟ್ಟರು.

"ಹೂಂ ಅಂತೀವಿ ಕಣಮ್ಮ, ಹಾಕ್ತೀವಾ? ಮದುವೆಯಾದಾಗಿನಿಂದ ನಮ್ಮ ಯಜಮಾನ್ರು ಹೇಳಿದವರಿಗೆ ನಾನು ಒಂದ್ಸಲಾನೂ ಒತ್ತಿಲ್ಲ."

ಬಾಗಿಲ ಬಳಿ ಪೇಪರ್ ಮೆಲ್ಲಗೆ ಕೆಳಗಿಳಿಯಿತು. ಹಿಂದಿನ ಸಾಲಿನಿಂದ "ನಾನೂ ಅಷ್ಟೇ ಕಣ್ರೀ!" ಅಂತ ಒಂದು ದನಿ, ಆಮೇಲೆ ಇನ್ನೆರಡು. ನನ್ನ ಭಾಷಣದ ಉಳಿದ ನಾಲ್ಕು ಪುಟಗಳನ್ನು ಯಾರೂ ಕೇಳಲಿಲ್ಲ. ಮಾವನವರು ಬೋಂಡಾ ಮುಟ್ಟಲಿಲ್ಲ.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದರು. "ಐವತ್ತು ವರ್ಷ ಕಣೇ! ನಾನು ಹೇಳಿದವರು ಸೋತಾಗೆಲ್ಲ ಪಕ್ಕದಲ್ಲಿ ಕೂತು ಛೆ ಛೆ ಅಂದಿದ್ದೀಯಲ್ಲ!"

"ನೀವು ಬೇಜಾರು ಮಾಡ್ಕೊಂಡಿದ್ರಿ. ಅದಕ್ಕೆ ಛೆ ಅಂದೆ."

"ಮತ್ತೆ ಯಾರಿಗೆ ಹಾಕ್ತಿದ್ದೆ?"

"ಯಾರಿಗೂ ಕಾಣಬಾರ್ದು ಅಂತಾನೇ ಅಲ್ಲಿ ಅಡ್ಡ ರಟ್ಟು ಇಟ್ಟಿರೋದು, ರೀ."

ಮೂರು ದಿನ ಮಾವನವರು ಹಳೆಯ ಚುನಾವಣೆಗಳನ್ನೆಲ್ಲ ಒಂದೊಂದಾಗಿ ತೆಗೆದು, ಹೆಸರು ಹೇಳಿ, ಅತ್ತೆಯ ಮುಖ ನೋಡಿದರು. ಅತ್ತೆ ಸೊಪ್ಪು ಬಿಡಿಸುತ್ತಲೇ ಇದ್ದರು. ನಾಲ್ಕನೆಯ ದಿನ ಊಟಕ್ಕೆ ಕೂತಾಗ ನನ್ನ ಗಂಡ ಮೆಲ್ಲಗೆ ಕೇಳಿದರು: "ನೀನು?"

ನನ್ನ ಮುಖ ಬಿಸಿಯಾಯಿತು. ಎಂ.ಎ. ಮಾಡಿದವಳು, ಅಮೆರಿಕದ ಹೆಂಗಸರ ಜೈಲುವಾಸ ವರ್ಣಿಸಿದವಳು. ಪ್ರತಿ ಸಲವೂ ಕಾರಿನಲ್ಲಿ ಇವರನ್ನು "ಯಾರಿಗ್ರೀ?" ಅಂತ ಕೇಳಿ, ಅದನ್ನೇ ಒತ್ತಿ ಬಂದಿದ್ದೆ. ಅತ್ತೆಯವರ ಮುಂದೆ ಅದನ್ನು ಹೇಳಲು ನಾಚಿಕೆಯಾಯಿತು. "ನಾನ್ಯಾಕೆ ಹೇಳಲಿ?" ಅಂದುಬಿಟ್ಟೆ. ಪಾಪ, ಆ ರಾತ್ರಿ ಅವರು ಮಜ್ಜಿಗೆ ಹಾಕಿಸಿಕೊಳ್ಳದೆ ಎದ್ದರು.

ಮುಂದಿನ ಚುನಾವಣೆಯಲ್ಲಿ ಕಾರಿನಲ್ಲಿ ನಾನು "ಯಾರಿಗ್ರೀ?" ಅಂತ ಕೇಳಲಿಲ್ಲ. ಮತಗಟ್ಟೆಯಲ್ಲಿ ಯಂತ್ರದ ಮುಂದೆ ನಿಂತು ಎಲ್ಲ ಹೆಸರುಗಳನ್ನೂ ಮೇಲಿನಿಂದ ಕೆಳಗೆ ಓದಿದೆ, ಮತ್ತೆ ಕೆಳಗಿನಿಂದ ಮೇಲೆ. ಹೊರಗೆ ಸಾಲು ಗೊಣಗತೊಡಗಿತು.

"ಮೇಡಂ, ಮೆಷಿನ್ ಕೆಟ್ಟಿದೆಯಾ?" ಅಂತ ಅಧಿಕಾರಿ ಕೂಗಿದರು.

"ಇಲ್ಲ ಸಾರ್," ಅಂದೆ, "ಯೋಚನೆ ಮಾಡ್ತಿದ್ದೀನಿ."