ನೋಡದೆ ಉಗಿದ ಪಿಚ್ಚರ್

ರಾಯಚೂರಿನ ಒಂದು ಟಾಕೀಸಿನ ಗೇಟಿನಲ್ಲಿ ಟಿಕೆಟ್ ಹರಿಯುತ್ತಲೇ ನನ್ನ ವಯಸ್ಸು ಕಳೆಯಿತು. ಗೇಟಿನವನು ದಿನಾ ಸಿನಿಮಾ ನೋಡುತ್ತಾನೆಂದು ಜನ ತಿಳಿದಿರುತ್ತಾರೆ. ಅವನು ನೋಡುವುದು ಬಾಗಿಲನ್ನು. ಆದರೂ ಒಂದು ಪಿಚ್ಚರ್ ಓಡುತ್ತದೋ ಇಲ್ಲವೋ ಎಂದು ನಾನು ಹೇಳಬಲ್ಲವನಾಗಿದ್ದೆ. ಇಂಟರ್ವಲ್ ಬಿಟ್ಟಾಗ ಎದುರಿನ ಭಜಿ ಅಂಗಡಿಗೆ ಬಂದವರು ಮಿರ್ಚಿ ಕೈಯಲ್ಲಿ ಹಿಡಿದು ತಿನ್ನುವುದನ್ನು ಮರೆತು ಮಾತಾಡುತ್ತಿದ್ದರೆ ಪಿಚ್ಚರ್ ಚಲೋ. ಎಲ್ಲರ ಧ್ಯಾನವೂ ಮಿರ್ಚಿಯ ಮೇಲೇ ಇದ್ದರೆ ಮುಗಿಯಿತು, ವಾರ ದಾಟುವುದಿಲ್ಲ.

ಈ ವಿದ್ಯೆ ಬಹಳ ಸಲ ನಿಜವಾಯಿತು. ನೌಕರಿ ಬಿಟ್ಟ ಮೇಲೆ ಆ ಅಂಗಡಿಯ ಬೆಂಚೇ ನನ್ನ ಜಾಗವಾಯಿತು. ಟಿಕೆಟ್ ತೆಗೆಸುವ ಮೊದಲು ಜನ ನನ್ನ ಹತ್ತಿರ ಬಂದು ಕೇಳುತ್ತಿದ್ದರು. ನಾನು ನೋಡಿಯೇ ಹೇಳುತ್ತೇನೆಂದು ಅವರು ನಂಬಿದ್ದರು. ಇಲ್ಲವೆಂದು ನಾನು ಯಾರಿಗೂ ಹೇಳಲಿಲ್ಲ.

ಹೋದ ವರ್ಷ ನಮ್ಮ ಕಡೆಯ ಗುಡ್ಡಗಳಲ್ಲೇ ತೆಗೆದ ಒಂದು ಬಡ ಪಿಚ್ಚರ್ ಬಂತು. ಗಡಿಯಲ್ಲಿ ಯುದ್ಧ ನಡೆಯುವಾಗ ಕೆಲವು ಸೈನಿಕರು ಬ್ಯಾಂಕಿನ ಬಂಗಾರ ಕದ್ದು ಪಾರಾಗುವ ಕಥೆ. ದೇವದುರ್ಗದ ಹತ್ತಿರದ ಮಸರಕಲ್ಲಿನ ನನ್ನ ಬಾಲ್ಯದ ಗೆಳೆಯ ಅದರಲ್ಲಿದ್ದ. ಅವನು ಕುರಿಗಾರ. ತನ್ನ ಹಿಂಡಿನ ಸಮೇತ ಇಂಟರ್ವಲ್ ಆದ ಮೇಲೆ ತೆರೆಯ ಮೇಲೆ ಬರುತ್ತೇನೆಂದು ಫೋನಿನಲ್ಲಿ ಹೇಳಿದ್ದ. ಮನೆಯಲ್ಲಿ ಹೆಂಡತಿಯೇ ನಂಬುತ್ತಿಲ್ಲವಂತೆ, ಊರವರು ನಗುತ್ತಾರಂತೆ. ರಾಯಚೂರಿನಲ್ಲಿ ಒಂದು ವಾರ ನಿಂತರೆ ದೇವದುರ್ಗಕ್ಕೂ ಕಳಿಸುತ್ತೇವೆ ಎಂದು ಪಿಚ್ಚರಿನವರು ಮಾತು ಕೊಟ್ಟಿದ್ದರು. ಆಗ ಹೆಂಡತಿಯನ್ನು ಕರೆದುಕೊಂಡು ಹೋಗಿ ತೋರಿಸಬೇಕೆಂದು ಕಾಯುತ್ತಿದ್ದ.

ಮೊದಲ ದಿನ ಮ್ಯಾಟಿನಿಗೆ ನಾನು ಬೆಂಚಿನ ಮೇಲಿದ್ದೆ. ಇಂಟರ್ವಲ್‌ಗೆ ಹೊರಬಂದವರ ಮುಖದಲ್ಲಿ ಹೇಸಿಗೆ ಎದ್ದು ಕಾಣುತ್ತಿತ್ತು. ಟ್ರ್ಯಾಕ್ಟರಿಗೆ ತಗಡು ಹೊಡೆದು ಟ್ಯಾಂಕ್ ಮಾಡಿದ್ದಾರೆ, ಹಿಂದಿನಿಂದ ನೇಗಿಲ ಕೊಕ್ಕೆ ಕಾಣುತ್ತದೆ ಎಂದು ಒಬ್ಬ ಬಯ್ದ. ಗುಂಡು ತಿಂದು ಸತ್ತವನೇ ಟೋಪಿ ಬದಲಿಸಿ ಮತ್ತೆ ಬಂದು ಸಾಯುತ್ತಾನೆ ಎಂದು ಇನ್ನೊಬ್ಬ. ದುಶ್ಮನ್ ಯಾರು, ನಮ್ಮವರು ಯಾರು ತಿಳಿಯದೆ ಹೆಂಗಸೊಬ್ಬರು ಎರಡೂ ಕಡೆಯವರಿಗೂ ಶಾಪ ಹಾಕಿದರು. ಬೈಯುತ್ತಲೇ ಎಲ್ಲರೂ ಮಿರ್ಚಿ ಮುಗಿಸಿದರು.

ಆಗ ಮೊಬೈಲಿಗೆ ಮೈಕು ಸಿಕ್ಕಿಸಿಕೊಂಡ ಒಬ್ಬಾತ ಬಂದ. ಅಂಗಡಿಯವನು ನನ್ನ ಕಡೆ ಬೆರಳು ಮಾಡಿದ. ಮೈಕು ಬಾಯಿಯ ಹತ್ತಿರ ಬಂದಾಗ ನನಗೆ ಗೆಳೆಯ ನೆನಪಾಗಲಿಲ್ಲ ಎಂದರೆ ಅದು ಇನ್ನೊಂದು ಸುಳ್ಳು. ನೆನಪಾದ. ಕುರಿಗಳ ನಡುವೆ ಚುಕ್ಕೆಯಷ್ಟು ಕಂಡಾನು ಬಿಡು ಎಂದುಕೊಂಡೆ. ಸುತ್ತ ಜನ ಸೇರಿದ್ದರು, ನನ್ನ ಮಾತಿಗೆ ಕಾಯುತ್ತಿದ್ದರು.

"ಪೂರಾ ಬಕ್ವಾಸ್ ಅದರೀ," ಎಂದೆ. "ಇಂಟರ್ವಲ್ ಆದಮ್ಯಾಲ ಏನಂದ್ರ ಏನೂ ಇಲ್ಲ. ಮಿರ್ಚಿ ತಿಂದು ಸೀದಾ ಮನಿಗಿ ಹೋಗ್ರಿ."

ಜನ ಚಪ್ಪಾಳೆ ತಟ್ಟಿದರು. ಸಂಜೆಯೊಳಗೆ ಅದು ಎಲ್ಲರ ಫೋನಿನಲ್ಲಿತ್ತು. ಮಟಮಾರಿಯಂಥ ಹಳ್ಳಿಯಿಂದ ಬಂದವರೂ ನನ್ನನ್ನು ಗುರುತಿಸಿ 'ಮಿರ್ಚಿ ಮುತ್ಯಾ' ಎಂದು ಕರೆದರು. ಹಿಗ್ಗಿದೆ. ಈಗ ಆ ಹಿಗ್ಗು ನೆನೆದರೆ ಬಾಯಿ ಕಹಿಯಾಗುತ್ತದೆ. ಸೋಮವಾರ ಟಾಕೀಸಿನಲ್ಲಿ ಬೇರೆ ಪಿಚ್ಚರ್ ಹಾಕಿದ್ದರು. ನನ್ನೊಬ್ಬನ ಮಾತಿನಿಂದಲೇ ತೆಗೆದರು ಎನ್ನಲಾರೆ, ಆದರೆ ಸಂಜೆಯ ಆಟಕ್ಕೆ ಬಂದು ನನ್ನ ಮಾತು ಕೇಳಿ ತಿರುಗಿ ಹೋದವರನ್ನು ಕಣ್ಣಾರೆ ಕಂಡಿದ್ದೇನೆ. ದೇವದುರ್ಗಕ್ಕೆ ಕಳಿಸುವ ಮಾತು ಅಲ್ಲಿಗೇ ನಿಂತಿತು.

ಮರುದಿನ ಗೆಳೆಯನ ಫೋನು ಬಂತು. ಊರವರು ನನ್ನ ವಿಡಿಯೋವನ್ನೇ ಅವನ ಮುಖಕ್ಕೆ ಹಿಡಿದಿದ್ದರು. ನಿನ್ನ ದೋಸ್ತನೇ ಏನೂ ಇಲ್ಲ ಅಂತಾನಲ್ಲ ಎಂದು ಹೆಂಡತಿಯೂ ಅಂದಳಂತೆ. ಅವನು ನನ್ನನ್ನು ಬಯ್ಯಲಿಲ್ಲ.

"ನೀ ನೋಡೀದಿ, ಖರೇ ಹೇಳು," ಎಂದ. "ನನ್ನ ಕತ್ತರಿಸಿ ಒಗದಾರೇನು?"

ಪಿಚ್ಚರೇ ಸರಿಯಿಲ್ಲ ಮಾರಾಯ ಎಂದು ಏನೋ ಗೊಣಗಿ ಫೋನು ಇಟ್ಟೆ. ನನ್ನ ನಾಲಿಗೆಯ ಮೇಲೆ ನನಗೇ ಅಷ್ಟು ಅಸಹ್ಯ ಎಂದೂ ಆಗಿರಲಿಲ್ಲ.

ಮಾನ್ವಿಯಲ್ಲಿ ಮಾತ್ರ ಗುರುವಾರದವರೆಗೆ ಆಟ ಇತ್ತು. ಬಸ್ಸು ಹತ್ತಿ ಹೋದೆ. ಟಾಕೀಸಿನಲ್ಲಿ ಬೆರಳೆಣಿಕೆಯ ಜನ, ಒಬ್ಬ ಕಾಲು ಚಾಚಿ ನಿದ್ದೆ ಹೋಗಿದ್ದ. ಪಿಚ್ಚರ್ ಅಂಗಡಿಯ ಮುಂದೆ ಜನ ಬಯ್ದದ್ದಕ್ಕಿಂತ ಹೊಲಸಾಗಿತ್ತು. ಗುಡ್ಡಕ್ಕೆ ಬಾಂಬು ಬಿದ್ದರೆ ಕೆಂಪು ಬಣ್ಣದ ಪುಡಿ ಹಾರುತ್ತಿತ್ತು. ದೇಶದ ಮೇಲೆ ಭಾಷಣ ಬಿಗಿದ ನಾಯಕ ಮರುಕ್ಷಣ ಬ್ಯಾಂಕಿನ ಗೋಡೆ ಒಡೆಯುತ್ತಿದ್ದ. ಇಂಥದ್ದನ್ನು ಹೊಗಳಲು ಈಗಲೂ ನನಗೆ ಬಾಯಿ ಬರುವುದಿಲ್ಲ.

ಇಂಟರ್ವಲ್ ಆದ ಮೇಲೆ ಗೆಳೆಯ ಬಂದ. ಬಂಗಾರವನ್ನು ಕುರಿಗಳ ಹೊಟ್ಟೆಗೆ ಕಟ್ಟಿ ಹಳ್ಳ ದಾಟಿಸಬೇಕು. ಹಿಂಡು ನೀರಿಗೆ ಇಳಿಯದೆ ದಡದಲ್ಲಿ ಒತ್ತೊತ್ತಾಗಿ ನಿಂತಿತು. ಅವನು ಒಂದು ಮರಿಯನ್ನು ಎತ್ತಿ ಹೆಗಲ ಮೇಲಿಟ್ಟುಕೊಂಡು ನೀರಿಗೆ ನಡೆದ. ಮರಿ ಕೂಗಿತು, ತಾಯಿಕುರಿ ಇಳಿಯಿತು, ಅದರ ಹಿಂದೆ ಇಡೀ ಹಿಂಡು. ನಡು ಹಳ್ಳದಲ್ಲಿ ಅವನ ಕಂಬಳಿ ಜಾರಿ ನೀರಿಗೆ ಬಿತ್ತು. ಅವನು ತಿರುಗಿ ನೋಡಲಿಲ್ಲ. ಮುಂದಿದ್ದವನು ತಿರುಗಿದರೆ ಹಿಂಡೂ ತಿರುಗುತ್ತದೆ, ಅದು ನನಗೂ ಗೊತ್ತು. ಕಂಬಳಿ ತೇಲಿ ಹೋಯಿತು. ಮಲಗಿದ್ದವನು ಯಾವಾಗ ಎದ್ದನೋ, ಮುಂದಿನ ಕುರ್ಚಿ ಹಿಡಿದು ನೋಡುತ್ತಿದ್ದ.

ಮರುದಿನ ಮಸರಕಲ್ಲಿಗೆ ಹೋದೆ. ಗೆಳೆಯ ತನ್ನ ಮನೆಯ ಮುಂದಿನ ಕಟ್ಟೆಯ ಮೇಲೆ ನಾಲ್ಕು ಜನರ ಜೊತೆ ಕೂತಿದ್ದ. ಅವರ ಎದುರಿಗೇ ಹೇಳಿದೆ: ನಾನು ನೋಡದೆ ಹೇಳಿದ್ದೆ, ಇಷ್ಟು ವರ್ಷ ಹೇಳಿದ್ದೆಲ್ಲ ನೋಡದೆ ಹೇಳಿದ್ದು, ಇವನು ಪಿಚ್ಚರಿನಲ್ಲಿ ಇದ್ದಾನೆ.

"ಅವತ್ತ ಇಲ್ಲ ಅಂದಿ, ಇವತ್ತ ಅದಾನ ಅಂತಿ," ಎಂದ ಒಬ್ಬ. "ಇನ್ನ ಮೈಕು ಹಿಡದ್ರ ಏನಂತೀಯೋ."

ಎಲ್ಲರೂ ನಕ್ಕರು. ನಗಬೇಕಾದ್ದೇ. ಗೆಳೆಯನ ಹೆಂಡತಿ ಬಾಗಿಲಿಗೆ ಬಂದು ನಿಂತಿದ್ದಳು.

"ಯಣ್ಣಾ, ಆಣಿ ಮಾಡಬ್ಯಾಡ. ಒಂದ ಹೇಳು," ಎಂದಳು. "ನಮ್ಮಪ್ಪ ನೇಯ್ದ ಕಂಬಳಿ ಏನಾತು? ಕುಡುದು ಎಲ್ಲಿ ಒಗದು ಬಂದಾನ?"

ಕಂಬಳಿಯ ಮಾತನ್ನು ಅವನು ನನಗೆ ಹೇಳಿಯೇ ಇರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿದೆ: ಮರಿ, ತಾಯಿಕುರಿ, ನಡು ಹಳ್ಳ, ತಿರುಗದೆ ನಡೆದ ಗಂಡ. ಅವಳು ಗಂಡನನ್ನು ನೋಡಿದಳು, ಅವನು ನೆಲ ನೋಡಿದ. ಕಟ್ಟೆಯ ಮೇಲಿದ್ದವರ ನಗೆ ನಿಂತಿತ್ತು. ಅವಳು ಒಳಗೆ ಹೋಗಿ ನೀರಿನ ಚೊಂಬು ತಂದು ಮೊದಲು ಅವನ ಮುಂದೆ ಇಟ್ಟಳು.

ಅವನು ಕುಡಿದು ಚೊಂಬನ್ನು ನನ್ನ ಕಡೆ ಸರಿಸಿದ.

"ಉಳದದ್ದು ಹೆಂಗದಲೇ?"

"ಹೊಲಸು ಅದ."

"ಆಗಲಿ, ಅದನ್ನೂ ಹೇಳು. ಮೊದಲಿಂದ ಹೇಳು, ಏನೂ ಬಿಡಬ್ಯಾಡ."

ತಗಡಿನ ಟ್ಯಾಂಕಿನಿಂದ ಶುರುಮಾಡಿದೆ.