ನಮ್ಮ ಧಣಿಯ ಮರ್ಯಾದೆ
ನಮ್ಮ ಧಣಿ ಅರ್ಕಾದಿ ಲ್ವೋವಿಚ್ ಅವರಿಗೆ ಇಸ್ಪೀಟು ಚಟವಲ್ಲ, ವಂಶದ ಗೌರವ. ಕುಲೀನರ ಬಳಿ ಸೋತದ್ದನ್ನು ಮರುದಿನ ಮಧ್ಯಾಹ್ನದೊಳಗೆ ತೀರಿಸದಿದ್ದರೆ ಅವರಿಗೆ ಗಂಟಲಲ್ಲಿ ಚಹಾ ಇಳಿಯದು. ದರ್ಜಿ ಮಾತ್ರ ಮೂರು ವರ್ಷದಿಂದ ಹಿತ್ತಿಲ ಬಾಗಿಲಲ್ಲೇ ನಿಂತಿದ್ದಾನೆ. "ಅವನಿಗೆ ಕೊಡೋದು ಬರೀ ದುಡ್ಡು ಕಣೋ ಪ್ರೋಷ್ಕಾ, ಇವರಿಗೆ ಕೊಟ್ಟಿರೋದು ಮಾತು!" ಎಂದು ನನಗೆ ಹೇಳುತ್ತಾರೆ. ಹಣವಂತ ವ್ಯಾಪಾರಿ ಆಟಕ್ಕೆ ಕರೆದರೆ, "ಗಡ್ಡದ ಗುಜರಿಯವನ ಹತ್ರ ಸೋಲೋದಾ? ಥೂ!" ಎಂದು ಮೂಗು ಮುರಿಯುತ್ತಾರೆ. ಕುದುರೆ, ಕಾಡು, ಹೆಂಡತಿಯ ಮುತ್ತಿನ ಸರ, ಎಲ್ಲವೂ ಮರ್ಯಾದೆಯಿಂದಲೇ ಹೋದವು. ಜೀತದಾಳಾದ ನಾನು ಹದಿನೇಳು ವರ್ಷ ಅವರಿಗೆ ಬೂಟು ತೊಡಿಸಿದರೂ ಬರೀ ಪ್ರೋಷ್ಕಾ. ಪೂರ್ತಿ ಹೆಸರಿಗೆ ತಂದೆಯ ಹೆಸರು ಸೇರಿಸಿ ಕರೆಯುವ ಗೌರವ ನಮ್ಮಂಥವರಿಗಿಲ್ಲ. ನಿನ್ನೆ ಮಾತ್ರ ಇಸ್ಪೀಟಿಗೆ ಕೂತಿದ್ದ ಕರ್ನಲ್ಲರ ಮುಂದೆ ನನ್ನ ಭುಜ ತಟ್ಟಿ, "ನೋಡಿ, ಇವರು ಪ್ರೋಖೋರ್ ಸಾವ್ವಿಚ್, ಓದು ಬರಹ ಬಲ್ಲೋರು!" ಎಂದರು. ನನ್ನ ಕಣ್ಣು ತುಂಬಿ ಬಂತು. ಬೆಲೆ ಕುದುರಿದ ಮೇಲೆ ನನ್ನನ್ನು ಪಣಕ್ಕಿಟ್ಟು ಎಲೆ ಎತ್ತಿದರು.